ಡಾಕ್ಟರೇಟಿನ ಆಚೆಯ ವರ್ಷಗಳು

ಕೈವಾರದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಬೆಳೆಯುವವರ ಮನೆಗೆ ಹೋದರೆ, "ಹುಳು ಜ್ವರಕ್ಕೆ ಕೂತಿದೆ" ಎಂಬ ಮಾತನ್ನು ತಾವು ಕೇಳಬಹುದು. ಅದು ಕಾಯಿಲೆಯಲ್ಲ. ಪೊರೆ ಬಿಡುವ ಮುನ್ನ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ ಸುಮ್ಮನಿರುತ್ತದೆ. ಇಂಥ ಜ್ವರಗಳು ನಾಲ್ಕು. ನಾಲ್ಕನೆಯದು ಕಳೆದ ಮೇಲೂ ಒಂದು ವಾರ ಮೇಯದೆ ಅದು ಗೂಡು ಕಟ್ಟದು. ಬಲ್ಲ ರೈತ ಅದನ್ನು ಸೋಮಾರಿ ಎನ್ನುವುದಿಲ್ಲ.

ಈ ಹುಳುವೇ ಅಣುಜೀವವಿಜ್ಞಾನಕ್ಕೂ ಬಹಳ ನೆರವಾಗಿದೆ. 1972ರಲ್ಲಿ ಸುಜುಕಿ ಮತ್ತು ಬ್ರೌನ್ ಎಂಬಿಬ್ಬರು ಅಮೆರಿಕದಲ್ಲಿ ಇದರ ರೇಷ್ಮೆ ಗ್ರಂಥಿಯಿಂದ ರೇಷ್ಮೆ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಮತ್ತು ಸಂಗಡಿಗರು ರೇಷ್ಮೆಹುಳುವಿನ ಜೀನುಗಳನ್ನು ಪರಿಶೀಲಿಸಿದರು. ಇಂದಿನ ಇಂಥ ಪ್ರಯೋಗಾಲಯಗಳಲ್ಲಿ ದುಡಿಯುವವರು ವಿದ್ಯಾರ್ಥಿಗಳಷ್ಟೇ ಅಲ್ಲ; ಡಾಕ್ಟರೇಟ್ ಮುಗಿಸಿದ ತರುಣ ತರುಣಿಯರೂ ಉಂಟು. ಅವರನ್ನು ಪೋಸ್ಟ್‌ಡಾಕ್ಟರಲ್ ಸಂಶೋಧಕರು ಎನ್ನುತ್ತಾರೆ.

ಇವರ ಪಾಡು ವಿಚಿತ್ರವಾದುದು. ಹೆಸರಿನ ಮುಂದೆ ಡಾಕ್ಟರ್ ಎಂದಿರುತ್ತದೆ. ಖಾಯಂ ಕೆಲಸ ಇರುವುದಿಲ್ಲ. ಎರಡೋ ಮೂರೋ ವರ್ಷದ ವೇತನ, ಅದು ಮುಗಿದರೆ ಮತ್ತೊಂದು ಅರ್ಜಿ. ಊರಿಗೆ ಬಂದರೆ ನೆಂಟರ ಪ್ರಶ್ನೆ: "ಇನ್ನೂ ಓದು ಮುಗಿಯಲಿಲ್ಲವೇನಪ್ಪಾ? ಮದುವೆ ಯಾವಾಗ?"

ಒಬೈದ್ ಸಿದ್ದಿಕಿಯವರೂ ಈ ದಾರಿಯಲ್ಲೇ ನಡೆದವರು. ಗ್ಲಾಸ್ಗೋದಲ್ಲಿ ಡಾಕ್ಟರೇಟ್ ಪಡೆದ ಬಳಿಕ ಅವರು ಅಮೆರಿಕದಲ್ಲಿ ಅಲನ್ ಗ್ಯಾರೆನ್ ಎಂಬವರೊಡನೆ ದುಡಿದರು. 1962ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಗೆ ಬಂದು ಅಣುಜೀವವಿಜ್ಞಾನದ ಘಟಕ ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಅವರ ಮುಂದಾಳುತನದಲ್ಲೇ ರೂಪುಗೊಂಡಿತು. ಪರರ ಪ್ರಯೋಗಾಲಯದಲ್ಲಿ ಕಳೆದ ವರ್ಷಗಳು ವ್ಯರ್ಥವಾಗಲಿಲ್ಲ.

ಆದರೆ ಎಲ್ಲರೂ ಸಿದ್ದಿಕಿಯವರಾಗುವುದಿಲ್ಲ. ಈ ಮಾತನ್ನು ಮುಚ್ಚಿಡಬಾರದು. ಪ್ರಾಧ್ಯಾಪಕರ ಹುದ್ದೆಗಳು ಕಡಿಮೆ, ಅಪೇಕ್ಷಿಸುವವರು ಹೆಚ್ಚು. ಆದ್ದರಿಂದ ಹೋಗುವ ಮುನ್ನವೇ ನಾಲ್ಕು ಪ್ರಶ್ನೆ ಕೇಳಬೇಕು. ವೇತನ ಎಷ್ಟು ವರ್ಷಕ್ಕೆ ಖಚಿತ? ಹಿಂದೆ ಅಲ್ಲಿ ದುಡಿದವರು ಈಗ ಎಲ್ಲಿದ್ದಾರೆ? ಹೊರಡುವಾಗ ನನ್ನದೆನ್ನುವ ಸಂಶೋಧನೆಯನ್ನು ಜೊತೆಗೆ ಒಯ್ಯಬಹುದೆ? ಎಷ್ಟು ವರ್ಷ ಕಾದು ನೋಡಿ ಬೇರೆ ದಾರಿ ಹಿಡಿಯಬೇಕು? ಔಷಧಿ ಕಂಪೆನಿ, ರೋಗಪರೀಕ್ಷಾ ಕೇಂದ್ರ, ಅಧ್ಯಾಪನ, ಇವೂ ದಾರಿಗಳೇ, ಸೋಲಲ್ಲ.

ಇನ್ನು ಮನೆಯವರಿಗೊಂದು ಮಾತು. ತಮ್ಮ ಮಗನೋ ಮಗಳೋ ಈ ಹಾದಿಯಲ್ಲಿದ್ದರೆ, "ಯಾವಾಗ ಮುಗಿಯುತ್ತದೆ?" ಎನ್ನುವ ಬದಲು, "ಈಗ ಏನನ್ನು ಹುಡುಕುತ್ತಿದ್ದೀಯೆ?" ಎಂದು ಕೇಳಿ ನೋಡಿ. ಜ್ವರಕ್ಕೆ ಕೂತ ಹುಳುವನ್ನು ತಟ್ಟಿ ಎಬ್ಬಿಸುವವರಿಲ್ಲ. ಆದರೆ ಅದು ಎದ್ದ ದಿನ ಸೊಪ್ಪು ಸಿದ್ಧವಾಗಿರಬೇಕು.