ಚಿಗರಿಗೆ ಬಂದ ಬೇನೆ, ಎಮ್ಮೆಗೂ ಬರುವ ಬೇನೆ

(ಖಾನಾಪುರದಲ್ಲಿ ಪಶುಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಸಭೆ ಆರಂಭವಾಗುವ ಮುನ್ನ ಜಾಂಬೋಟಿ ಕಡೆಯ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, "ಸಾಹೇಬರ, ಬೆಳಗಾವ್ಯಾಗ ಚಿಗರಿ ಸತ್ತದ್ದಕ್ಕ ನಮ್ಮ ಎಮ್ಮಿಗೆ ಏನ್ ಸಂಬಂಧ?" ಎಂದು ಕೇಳಿದರು. ಎಮ್ಮೆಗಳ ಮೇವಿನ ವಿಷಯವಾಗಿ ಬರೆದುಕೊಂಡು ಬಂದಿದ್ದ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟಿದ್ದೇನೆ. ಇಂದು ಅವರ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

೨೦೨೫ರ ನವೆಂಬರ್ ತಿಂಗಳಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿದ್ದ ೩೮ ಕೃಷ್ಣಮೃಗಗಳ ಪೈಕಿ ೩೧ ಕೆಲವೇ ದಿನಗಳಲ್ಲಿ ಸತ್ತವು. ಪರೀಕ್ಷೆಯಿಂದ ತಿಳಿದು ಬಂದ ಕಾರಣ ಗಳಲೆ ರೋಗ. ನಮ್ಮ ಕಡೆ ಇದನ್ನು ಗಂಟಲು ಬೇನೆ ಎನ್ನುತ್ತಾರೆ. ನಿಮ್ಮಲ್ಲಿ ಮರಾಠಿ ಆಡುವವರು ಘಟಸರ್ಪ ಎನ್ನುತ್ತಾರೆ. ಇದು ಕಾಡಿನಿಂದ ಬಂದ ಹೊಸ ರೋಗವಲ್ಲ. ನಿಮ್ಮ ಅಜ್ಜಂದಿರ ಹಟ್ಟಿಯಲ್ಲಿಯೂ ಎಮ್ಮೆಗಳನ್ನು ಬಲಿ ತೆಗೆದುಕೊಂಡ ರೋಗವೇ ಇದು.

ಎಮ್ಮೆಗೂ ಚಿಗರಿಗೂ ಒಂದೇ ರೋಗ ಬರುವುದು ಹೇಗೆ? ಚಿಗರಿಯನ್ನು ನಾವು ಜಿಂಕೆ ಎಂದು ಕರೆದರೂ ಅದು ನಿಜವಾಗಿ ಜಿಂಕೆಯಲ್ಲ, ಹುಲ್ಲೆ. ದನ, ಎಮ್ಮೆ, ಆಡು, ಕುರಿಗಳ ಮನೆತನಕ್ಕೇ ಸೇರಿದ್ದು. ಕೊಂಬನ್ನು ನೋಡಿದರೆ ತಿಳಿಯುತ್ತದೆ. ಚಿಗರಿಯ ತಿರುಚಿದ ಕೊಂಬಿನ ಒಳಗೆ ಎಲುಬು, ಹೊರಗೆ ನಮ್ಮ ಉಗುರಿನಂಥ ಗಟ್ಟಿ ಹೊದಿಕೆ. ಎತ್ತಿನ ಕೊಂಬಿನಂತೆ ಅದು ಜೀವಮಾನವಿಡೀ ಉದುರುವುದಿಲ್ಲ. ಜಿಂಕೆಗಳ ಕವಲುಕೊಂಬು ಬರೀ ಎಲುಬು. ಅದು ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮವಿದ್ದು, ಆ ಚರ್ಮದ ರಕ್ತದಿಂದ ಪೋಷಣೆ ಪಡೆಯುತ್ತದೆ. ಬಲಿತ ಮೇಲೆ ಚರ್ಮ ಒಣಗಿ, ಗಂಡು ಅದನ್ನು ಗಿಡಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಮುಂದೆ ಕೊಂಬೇ ಬಿದ್ದು ಮತ್ತೆ ಹೊಸದು ಮೂಡುತ್ತದೆ. ಕಾಡಿನಲ್ಲಿ ಕಡವೆಯ ಕೊಂಬು ಬಿದ್ದಿದ್ದನ್ನು ಕಂಡು ಯಾರೋ ಬೇಟೆಯಾಡಿದ್ದಾರೆಂದು ತಿಳಿಯಬೇಕಾಗಿಲ್ಲ. ಮನೆಗೆ ತರುವುದೂ ಬೇಡ, ಅದಕ್ಕೆ ಕಾನೂನಿನ ಅಡ್ಡಿಯಿದೆ. ಇನ್ನೊಂದು ವಿಶೇಷವೆಂದರೆ ಜಿಂಕೆಗಳಿಗೆ ಪಿತ್ತಕೋಶವಿಲ್ಲ, ಚಿಗರಿಗೆ ಇದೆ.

ನಿಮ್ಮ ಖಾನಾಪುರದ ಕಾಡಿನಲ್ಲಿ ಈ ಮನೆತನಗಳೆಲ್ಲ ಹತ್ತಿರ ಹತ್ತಿರವೇ ಇವೆ. ೨೦೧೧ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಕಾಡಿನಲ್ಲಿ ಕಡವೆಯಿದೆ, ಚುಕ್ಕೆ ಜಿಂಕೆಯಿದೆ, ನಾಯಿಯಂತೆ ಬೊಗಳುವ ಕಾಡುಕುರಿ, ಅಂದರೆ ನಿಮ್ಮ ಭೇಕರ ಇದೆ. ಮೊಲಕ್ಕಿಂತ ತುಸು ದೊಡ್ಡದಾದ ಬರ್ಕವೂ ಉಂಟು. ಅದಕ್ಕೆ ಕೊಂಬೇ ಇಲ್ಲ. ಗಂಡಿಗೆ ಬಾಯಿಂದ ಹೊರಚಾಚುವ ಕೋರೆಹಲ್ಲಿವೆ. ದನಕ್ಕೆ ಹೊಟ್ಟೆ ನಾಲ್ಕು ಕೋಣೆಯದಾದರೆ ಬರ್ಕಕ್ಕೆ ಮೂರೇ. ಮೆಲುಕು ಹಾಕುವ ಪ್ರಾಣಿಗಳ ಬಹು ಹಳೆಯ ಮಾದರಿ ಅದು.

ಜಿಂಕೆಗಳು ಮೊದಲು ಬೆಳೆದು ಬಂದದ್ದು ನಮ್ಮ ಏಷ್ಯ ಮತ್ತು ಯುರೋಪಿನ ನೆಲದಲ್ಲಿ. ಇಲ್ಲಿಂದ ಕೆಲವು ಉತ್ತರ ಅಮೆರಿಕ ಸೇರಿದವು. ಸುಮಾರು ಮೂವತ್ತು ಲಕ್ಷ ವರ್ಷಗಳ ಹಿಂದೆ ಪನಾಮಾದ ಬಳಿ ಎರಡು ಅಮೆರಿಕಗಳನ್ನು ಕೂಡಿಸುವ ನೆಲ ಏರ್ಪಟ್ಟ ಮೇಲೆ ದಕ್ಷಿಣಕ್ಕೂ ದಾಟಿದವು. ಅಲ್ಲಿನ ದಟ್ಟ ಮಳೆಕಾಡಿನಲ್ಲಿ ಬ್ರಾಕೆಟ್ ಎಂಬ ಸಣ್ಣ ಜಿಂಕೆಗಳಿವೆ. ಅವುಗಳ ಕೊಂಬು ಕವಲೊಡೆಯದ ಗೂಟ. ಪುಡು ಎಂಬುದು ಇನ್ನೂ ಚಿಕ್ಕದು, ಆಡಿನ ಮರಿಯಷ್ಟು. ನಮ್ಮ ಕಾಡುಕುರಿಗೂ ಮೈ ಸಣ್ಣದು, ಕೊಂಬು ಗಿಡ್ಡ. ಪೊದೆಯಲ್ಲಿ ನುಸುಳಬೇಕಾದ ಪ್ರಾಣಿಗೆ ಅಗಲ ಕೊಂಬು ತೊಡಕು. ಸಾವಿರಾರು ಮೈಲಿ ದೂರದಲ್ಲಿ ಬೇರೆ ಬೇರೆಯಾಗಿ ಬೆಳೆದರೂ ಕಾಡು ಎರಡಕ್ಕೂ ಒಂದೇ ಅಳತೆಯ ಅಂಗಿ ಹೊಲಿದಿದೆ. ಆದರೆ ಹೊರಗಿನ ರೂಪ ಎಷ್ಟು ಬದಲಾದರೂ ಇವೆಲ್ಲ ಮೆಲುಕು ಹಾಕುವ, ಗೊರಸು ಸೀಳಿದ ಪ್ರಾಣಿಗಳೇ. ಆದ್ದರಿಂದಲೇ ಕಾಲುಬಾಯಿ ಬೇನೆ, ಗಳಲೆಯಂಥ ರೋಗಗಳು ಹಟ್ಟಿಯ ಬೇಲಿಯನ್ನೂ ಕಾಡಿನ ಗಡಿಯನ್ನೂ ಲೆಕ್ಕಿಸುವುದಿಲ್ಲ.

ಇನ್ನು ರೋಗದ ಮಾತು. ಗಳಲೆಯನ್ನು ತರುವ ಸೂಕ್ಷ್ಮಾಣು ಪಾಶ್ಚುರೆಲ್ಲಾ ಮಲ್ಟೊಸಿಡಾ. ನೋಡಲು ಆರೋಗ್ಯವಾಗಿರುವ ಕೆಲವು ದನ, ಎಮ್ಮೆಗಳ ಗಂಟಲಿನಲ್ಲಿಯೇ ಅದು ಸುಮ್ಮನೆ ಕುಳಿತಿರುತ್ತದೆ. ಪ್ರಾಣಿ ದಣಿದಾಗ, ಮಳೆಯಲ್ಲಿ ನೆನೆದಾಗ, ಮೇವು ಕಡಿಮೆಯಾದಾಗ, ದೂರದ ಪ್ರಯಾಣ ಮಾಡಿದಾಗ ಅದಕ್ಕೆ ಕೈ ಬಿಚ್ಚಿದಂತಾಗುತ್ತದೆ. ಜೊಲ್ಲು, ಮೂಗಿನ ಸಿಂಬಳ, ಅವು ಬಿದ್ದ ಮೇವು ಮತ್ತು ನೀರಿನಿಂದ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಬಿಸಿಲಿನ ಒಣ ನೆಲದಲ್ಲಿ ಬೇಗ ಸಾಯುವ ಈ ಸೂಕ್ಷ್ಮಾಣು ಕೆಸರಿನಲ್ಲಿ ಕೆಲವು ದಿನ ಬದುಕಬಲ್ಲದು. ಕಣಕುಂಬಿಯಂಥ ಮಳೆಯೂರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಬರೀ ಮಳೆಗಾಲದ ರೋಗವೆಂದು ಇದನ್ನು ಮರೆತು ಕೂಡ್ರುವವರು ಚಿಗರಿ ಸತ್ತದ್ದು ನವೆಂಬರದಲ್ಲಿ ಎಂಬುದನ್ನು ಗಮನಿಸಬೇಕು.

ಎಮ್ಮೆಗೆ ರೋಗ ಬಂದರೆ ಜ್ವರ ೧೦೪ರಿಂದ ೧೦೭ ಡಿಗ್ರಿಯವರೆಗೂ ಏರುತ್ತದೆ. ಮೇವು ಬಿಡುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲು ಬಾತು ಗೊರಗೊರ ಸದ್ದಾಗುತ್ತದೆ. ಒಮ್ಮೊಮ್ಮೆ ಒಂದು ದಿನದೊಳಗೇ ಸಾವು. ದನಕ್ಕಿಂತ ಎಮ್ಮೆಗೆ, ಅದರಲ್ಲೂ ಆರು ತಿಂಗಳಿಂದ ಎರಡು ವರ್ಷದೊಳಗಿನ ಕರುಗಳಿಗೆ ಅಪಾಯ ಹೆಚ್ಚು. ಜ್ವರ ಕಾಣುತ್ತಲೇ ಪಶುವೈದ್ಯರನ್ನು ಕರೆಸಿದರೆ ಔಷಧಿ ನಾಟೀತು. ಗಂಟಲು ಬಾತ ಮೇಲೆ ಬರೆ ಎಳೆಸಿ, ಮರುದಿನ ದವಾಖಾನೆಗೆ ಬಂದರೆ ವೈದ್ಯರು ಮಾಡುವುದು ಏನೂ ಉಳಿದಿರುವುದಿಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಇಂಥ ಮನೆಗಳಿಗೆ ನಾನು ಹೋಗಿದ್ದೇನೆ.

ಕಾಡುಪ್ರಾಣಿಯ ಗತಿ ಇನ್ನೂ ಕಷ್ಟ. ಸೋತದ್ದು ಕಂಡರೆ ಹುಲಿ, ಚಿರತೆ, ಸೀಳುನಾಯಿ ಮೊದಲು ಅದನ್ನೇ ಹಿಡಿಯುತ್ತವೆ. ಆದ್ದರಿಂದ ಬೇನೆಯನ್ನು ಕೊನೆಯವರೆಗೂ ಬಚ್ಚಿಡುವುದು ಅದರ ಸ್ವಭಾವ. ನೋಡುವವರ ಕಣ್ಣಿಗೆ ನಿನ್ನೆ ಮೇಯುತ್ತಿದ್ದದ್ದು ಇಂದು ಸತ್ತಂತೆ. ಹಿಡಿದು ಲಸಿಕೆ ಹಾಕೋಣವೆಂದರೆ, ಬೆನ್ನಟ್ಟಿದ ಗಾಬರಿಗೇ ಚಿಗರಿ, ಜಿಂಕೆಗಳ ಸ್ನಾಯುಗಳು ಕೆಟ್ಟು ಸಾಯುವುದುಂಟು. ಭೀಮಗಡದ ಕಡವೆಗೆ ಸೂಜಿ ಚುಚ್ಚಲು ಯಾರಿಂದಲೂ ಆಗದು. ಅದೇ ಕಾಡಿನಂಚಿನಲ್ಲಿ ಮೇಯುವ ನಿಮ್ಮ ದನಕ್ಕೆ ಚುಚ್ಚಬಹುದು.

ಆದ್ದರಿಂದ ಹಿರಿಯರಿಗೆ ನನ್ನ ಉತ್ತರ ಇಷ್ಟು: ಗಳಲೆಯ ಲಸಿಕೆಯನ್ನು ವರ್ಷಕ್ಕೊಮ್ಮೆ, ಮೇ ತಿಂಗಳು ಮುಗಿಯುವುದರೊಳಗೆ ಹಾಕಿಸಿರಿ. ರೋಗನಿರೋಧಕ ಶಕ್ತಿ ಬರಲು ಎರಡು ಮೂರು ವಾರ ಬೇಕು; ಮೃಗಶಿರಾ ಮಳೆ ಹಿಡಿದ ಮೇಲೆ ಓಡಾಡಿದರೆ ತಡವಾಗುತ್ತದೆ. ಗಬ್ಬದ ಎಮ್ಮೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿರಿ. ಊರಿನ ಅರ್ಧ ದನಕ್ಕೆ ಹಾಕಿ ಅರ್ಧವನ್ನು ಬಿಟ್ಟರೆ ರೋಗಕ್ಕೆ ಉಳಿಯಲು ಮನೆ ಸಿಕ್ಕಂತೆ. ಸಂತೆಯಿಂದ ತಂದ ಎಮ್ಮೆಯನ್ನು ಎರಡು ವಾರ ಬೇರೆ ಕಟ್ಟಿರಿ. ಅಷ್ಟು ದಿನ ಕಾಡಿಗೆ ಅಟ್ಟಬೇಡಿ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಸರಕಾರದಿಂದ ಉಚಿತವಾಗಿ ಬರುತ್ತದೆ, ಅದನ್ನೂ ತಪ್ಪಿಸಬೇಡಿ.

ದನ ಸತ್ತರೆ ಹಳ್ಳಕ್ಕೆ ಎಳೆದು ಹಾಕುವ ರೂಢಿ ಕೆಲವು ಊರುಗಳಲ್ಲಿ ಈಗಲೂ ಇದೆ. ಕೆಳಗೆ ಅದೇ ಹಳ್ಳದ ನೀರಿಗೆ ರಾತ್ರಿ ಕಡವೆ ಬರುತ್ತದೆ, ಬೆಳಿಗ್ಗೆ ಪಕ್ಕದೂರಿನ ಎಮ್ಮೆ ಬರುತ್ತದೆ. ಚರ್ಮ ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಕಾಡಿನಲ್ಲಿ ಜಿಂಕೆಯೋ ಕಡವೆಯೋ ಗಾಯವಿಲ್ಲದೆ ಸತ್ತು ಬಿದ್ದಿದ್ದರೆ ಮುಟ್ಟದೆ, ಅದೇ ದಿನ ಅರಣ್ಯ ಇಲಾಖೆಯವರಿಗೂ ಪಶು ಆಸ್ಪತ್ರೆಗೂ ಸುದ್ದಿ ಮುಟ್ಟಿಸಿರಿ. ಕೊಳೆತ ಮೇಲೆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.