ಸೀಲ್ ಹಾಕಿಸುವ ಮೊದಲು ಬ್ರೀದರ್ ನೋಡಿ



ಪತ್ತನಾಜೆ ಕಳೆದು ಮಳೆ ಹಿಡಿದಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಏಣೆಲಿನ (ಮಳೆಗಾಲದ ಭತ್ತದ ಬೆಳೆಯ) ಉಳುಮೆ ಒಟ್ಟಿಗೇ ಶುರುವಾಗಿದೆ. ಎಲ್ಲರಿಗೂ ಒಂದೇ ವಾರದಲ್ಲಿ ಟ್ರ್ಯಾಕ್ಟರ್ ಬೇಕು, ಟಿಲ್ಲರ್ ಬೇಕು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿದ್ದ ಯಂತ್ರಗಳು ಗದ್ದೆಗೆ ಇಳಿದ ಎರಡೇ ದಿನಕ್ಕೆ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿವೆ. ಗ್ಯಾರೇಜಿನ ಮುಂದೆ ನೋಡಿದರೆ ನಡುವೆ ಬಿಚ್ಚಿಟ್ಟ ಟ್ರ್ಯಾಕ್ಟರುಗಳು. ಕೇಳಿದರೆ ಉತ್ತರ ಒಂದೇ: ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಕ್ಲಚ್ ಪ್ಲೇಟಿಗೆ ಎಣ್ಣೆ ಬಿದ್ದು ಜಾರುತ್ತದೆ.

ಸೀಲ್ ಹೋಗಿರಬಹುದು, ಇಲ್ಲ ಅನ್ನುವುದಿಲ್ಲ. ಯಾಕೆ ಹೋಯಿತು ಅಂತ ಯಾರಾದರೂ ಕೇಳಿದ್ದೀರಾ? ನಿಮ್ಮ ಇಂಜಿನ್ನಿನ ಬ್ರೀದರ್ ಎಲ್ಲಿ ಉಂಟು ಅಂತ ಕೇಳಿದರೆ ಹತ್ತರಲ್ಲಿ ಒಬ್ಬರು ತೋರಿಸುವುದು ಕಷ್ಟ. ಇಂಜಿನ್ನಿನೊಳಗೆ ಸೇರುವ ಗಾಳಿ, ಹೊಗೆ ಹೊರಗೆ ಹೋಗುವ ದಾರಿಯೇ ಬ್ರೀದರ್. ಅದು ಕಟ್ಟಿದರೆ ಒಳಗಿನ ಒತ್ತಡ ಸಿಕ್ಕಿದ ಸಂದಿಯಲ್ಲಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಆಗ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಇಷ್ಟು ತಿಳಿದರೆ ಸಾಕು.

ಹೋದ ಮಳೆಗಾಲದಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಬೈಲಿಗೆ ಹೋಗಿದ್ದೆ. ಅಲ್ಲಿಯ ಕೃಷಿಕರೊಬ್ಬರು ಒಂದೇ ಏಣೆಲಿನಲ್ಲಿ ಎರಡು ಸಲ ಸೀಲ್ ಹಾಕಿಸಿದ್ದರು. ಎರಡು ಸಲ ಬಿಚ್ಚಿದ ಮಜೂರಿ, ಕ್ಲಚ್ ಪ್ಲೇಟಿನ ಖರ್ಚು ಬೇರೆ. ಮತ್ತೆ ಸೋರುವಾಗ “ಡೂಪ್ಲಿಕೇಟ್ ಸಾಮಾನು ಸರ್” ಅಂತ ಅಂಗಡಿಯವನನ್ನು ಬೈಯುತ್ತಿದ್ದರು. ಇಂಜಿನ್ ಸ್ಟಾರ್ಟ್ ಮಾಡಿಸಿ, ನಿಧಾನ ಓಟದಲ್ಲಿ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿದೆ. ಬುಸ್ಸೆಂದು ಗಾಳಿ ಬಂತು. ಬ್ರೀದರ್ ಪೈಪಿನ ಬಾಯಿಗೆ ಬೆರಳು ಹಿಡಿದರೆ ಅಲ್ಲಿ ಉಸಿರೇ ಇಲ್ಲ. ಇಂಜಿನ್ ನಿಲ್ಲಿಸಿ, ಪೈಪ್ ಕಳಚಿ ಸರಿಗೆ ಹಾಕಿ ತಿವಿದಾಗ ಕೆಂಪು ಮಣ್ಣಿನ ಹೆಂಟೆ ಪುಡಿಯಾಗಿ ಉದುರಿತು, ಅದರೊಳಗೆ ನಾಲ್ಕೈದು ಜೇಡಗಳು. ಕುಂಬಾರ ಹುಳ ಬೇಸಗೆಯಲ್ಲಿ ಪೈಪಿನೊಳಗೆ ಗೂಡು ಕಟ್ಟಿತ್ತು! ಮನೆಯ ಅಮ್ಮ ನೋಡಿ, “ಇದೇ ಗೂಡು ನಮ್ಮ ಅಡುಗೆಮನೆ ಕಿಟಕಿಯಲ್ಲೂ ಉಂಟಲ್ಲ” ಅಂದರು. ಕಿಟಕಿಯದ್ದು ಕಾಣುತ್ತದೆ, ಗುಡಿಸುತ್ತೇವೆ. ಪೈಪಿನದ್ದನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಸೀಲ್ ಬದಲಾಯಿಸಿದ ಮೆಕ್ಯಾನಿಕ್ ಕೂಡ ನೋಡಿರಲಿಲ್ಲ.

ಹಾಗಾಗಿ ಟ್ರ್ಯಾಕ್ಟರ್ ಬಿಚ್ಚಿಸುವ ಮೊದಲು ಬ್ರೀದರ್ ಕಳಚಿ, ಡೀಸೆಲ್‌ನಲ್ಲಿ ತೊಳೆದು, ಗಾಳಿ ಊದಿ ಹಾಕಿ. ಆಮೇಲೆ ಮುಚ್ಚಳ ತೆಗೆದಾಗ ಸ್ವಲ್ಪ ಆವಿ ಬಂದರೆ ಚಿಂತೆ ಇಲ್ಲ. ಹೊಗೆ ರಭಸದಿಂದ ಉಗುಳುತ್ತಲೇ ಇದ್ದರೆ ಪಿಸ್ಟನ್ ರಿಂಗ್ ಸವೆದಿರುತ್ತದೆ, ಸೀಲಿಗೆ ಮಾತ್ರ ದುಡ್ಡು ಹಾಕಿ ಪ್ರಯೋಜನವಿಲ್ಲ. ಸೋರುತ್ತದಲ್ಲ ಅಂತ ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ದಾಟಿಸಿ ಎಣ್ಣೆ ಸುರಿಯುವವರೂ ಇದ್ದಾರೆ. ಅದರಿಂದ ಸೋರುವುದು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ಯಾವ ಎಣ್ಣೆ ಅಂತಲೂ ನೋಡಿ. ಕ್ಲಚ್ ಹೌಸಿಂಗಿನ ಅಡಿಯ ತೂತಿನಿಂದ ಬೀಳುವ ಎಣ್ಣೆಯನ್ನು ಬಿಳಿ ಕಾಗದದಲ್ಲಿ ಹಿಡಿಯಿರಿ. ಕಪ್ಪಾಗಿ ತೆಳ್ಳಗಿದ್ದರೆ ಇಂಜಿನ್ನಿನದ್ದು. ದಪ್ಪಗಿದ್ದು ಗಾಟು ವಾಸನೆ ಹೊಡೆದರೆ ಗೇರ್ ಬಾಕ್ಸಿನದ್ದು, ಅದರ ಸೀಲೇ ಬೇರೆ. ಇಂಜಿನ್ನಿನ ಎಣ್ಣೆಯಾದರೂ ಮೇಲಿನ ಟ್ಯಾಪೆಟ್ ಕವರಿನಿಂದ ಜಿನುಗಿ ಹಿಂದೆ ಇಳಿದಿರಬಹುದು. ಒಮ್ಮೆ ಚೆನ್ನಾಗಿ ಒರೆಸಿ, ಓಡಿಸಿ, ಟಾರ್ಚ್ ಹಿಡಿದು ನೋಡಿ. ಕೆಸರಿಗೆ ಇಳಿಸುವಾಗ ಆ ತೂತಿಗೆ ಬಿರಡೆ ಹಾಕಿದ್ದರೆ ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ಇಲ್ಲದಿದ್ದರೆ ಎಣ್ಣೆ ಒಳಗೇ ತುಂಬಿ ಕ್ಲಚ್ ನೆನೆಯುತ್ತದೆ.

ಇನ್ನು ಬಿಚ್ಚಲೇಬೇಕು ಅಂತಾದರೆ ಪಕ್ಕದಲ್ಲೇ ನಿಂತು ಮಾಡಿಸಿ. ಜ್ಯಾಕ್ ಒಂದನ್ನೇ ನಂಬಬೇಡಿ, ಎರಡೂ ಭಾಗಕ್ಕೆ ಗಟ್ಟಿ ಮರದ ದಿಮ್ಮಿ ಕೊಡಿ. ಹಳೆಯ ಸೀಲ್ ಎಸೆಯಬೇಡಿ, ಅದರ ಮೈಮೇಲಿನ ನಂಬರ್ ನೋಡಿಯೇ ಹೊಸದು ತನ್ನಿ. 35-52-7 ಅಂತ ಇದ್ದರೆ ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿದರೆ ಅಲ್ಲಿ ಗೀರು ಬಿದ್ದಿದೆ, ಹೊಸ ಸೀಲಿನ ರಬ್ಬರ್ ಅದೇ ಗೀರಿನ ಮೇಲೆ ಕೂರಬಾರದು. ಜಾಗ ಇದ್ದರೆ ಸ್ವಲ್ಪ ಮುಂದೆ ಹಿಂದೆ ಕೂರಿಸಬೇಕು, ಇಲ್ಲವೇ ಸ್ಲೀವ್ ಹಾಕಿಸಬೇಕು. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ. ರಬ್ಬರಿಗೆ ಎಣ್ಣೆ ಸವರದೆ ಒಣ ಸೀಲ್ ಹಾಕಿದರೆ ಮೊದಲ ಓಟದಲ್ಲೇ ಸುಡುತ್ತದೆ. ಸ್ಕ್ರೂ ಡ್ರೈವರ್ ಇಟ್ಟು ಒಂದೇ ಬದಿಗೆ ಸುತ್ತಿಗೆ ಹೊಡೆಯಲು ಬಿಡಬೇಡಿ. ಸೀಲಿನ ಅಳತೆಗೆ ಸರಿಯಾದ ಪೈಪಿನ ತುಂಡು ಇಟ್ಟು ಸುತ್ತಲೂ ಸಮವಾಗಿ ಕೂರಿಸಲಿ. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ಉಜ್ಜಿ ಮತ್ತೆ ಹಾಕುವುದು ಬೇಡ, ಬದಲಾಯಿಸಿ.

ಇಷ್ಟೆಲ್ಲ ಮಾಡಿಸಿ ಬ್ರೀದರನ್ನು ಮಾತ್ರ ಹಾಗೇ ಬಿಡುತ್ತೀರಿ! ಗೇರ್ ಬಾಕ್ಸ್, ಹಿಂದಿನ ಆ್ಯಕ್ಸಲ್‌ಗಳಿಗೂ ಬ್ರೀದರ್ ಇರುತ್ತದೆ ಮಾರಾಯ್ರೇ. ಬಿಸಿಯಾದ ಹೌಸಿಂಗ್ ಗದ್ದೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರು ಹಿಡಿದಿದ್ದರೆ ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿತು ಅಂತಲೇ ಲೆಕ್ಕ, ಆ ಎಣ್ಣೆ ಪೂರ್ತಿ ಚೆಲ್ಲಿ ಹೊಸದು ತುಂಬಿ. ಚೆಲ್ಲುವುದೆಂದರೆ ತೋಡಿಗಲ್ಲ, ಡಬ್ಬಿಗೆ. ನಿಮ್ಮ ಗದ್ದೆಯ ನೀರು ಕೆಳಗಿನವರ ಗದ್ದೆಗೇ ಹೋಗುವುದು.

ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವವರೂ ಡಿಪ್ ಸ್ಟಿಕ್ ನೋಡಿ, ಬ್ರೀದರ್ ಎಲ್ಲಿದೆ ಎಂದು ಡ್ರೈವರನ್ನು ಕೇಳಿ ತೆಗೆದುಕೊಳ್ಳಿ. ಟಿಲ್ಲರ್ ಇದ್ದವರು ಸಂಜೆ ತೊಳೆಯುವಾಗ ರೋಟರಿ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ಪ್ಲಾಸ್ಟಿಕ್ ಹಗ್ಗವನ್ನು ಇಂಜಿನ್ ನಿಲ್ಲಿಸಿ ಕತ್ತರಿಸಿ ತೆಗೆಯಿರಿ, ಅದು ಅಲ್ಲಿಯ ಸೀಲನ್ನೇ ತಿನ್ನುತ್ತದೆ. ಹೊಸ ಸೀಲ್ ಹಾಕಿಸಿದ ಟ್ರ್ಯಾಕ್ಟರನ್ನು ನೇರ ಕೆಸರಿಗೆ ಇಳಿಸಬೇಡಿ. ಅಂಗಳದಲ್ಲಿ ಅರ್ಧ ಗಂಟೆ ಓಡಿಸಿ, ಅಡಿಗೆ ಒಂದು ರಟ್ಟು ಹಾಸಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ರಟ್ಟು ನೋಡಿ ಗದ್ದೆಗೆ ಹೊರಡಿ.