ಹಳೇ ಕಾರು ಕಲಿಸಿದ ಪಾಠ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಉಪದೇಶ ಮಾಡಲು ನಿಂತಿಲ್ಲ, ಲೆಕ್ಕ ಒಪ್ಪಿಸಲು ನಿಂತಿದ್ದೇನೆ. ಕಳೆದ ವರ್ಷ ಸಂಘಟನೆಯ ಓಡಾಟಕ್ಕೆ ಒಂದು ಕಾರು ಬೇಕೆಂದಾಗ ನಿಮ್ಮಲ್ಲಿ ಅನೇಕರು ನೂರು, ಇನ್ನೂರು ಎಂದು ಕೊಟ್ಟಿರಿ. ಕೂಡಿದ್ದು 90 ಸಾವಿರ ರೂಪಾಯಿ. ಮೇಷ್ಟರ ಕೆಲಸ ಬಿಟ್ಟಾಗ ನನ್ನ ಕೈಗೆ ಬಂದಿದ್ದ ಹಣದಲ್ಲಿ 1 ಲಕ್ಷ 20 ಸಾವಿರ ಸೇರಿಸಿ, ಹತ್ತು ವರ್ಷ ಓಡಿದ್ದ ಡೀಸೆಲ್ ಕಾರೊಂದನ್ನು ಹಳೇ ಗಾಡಿಗಳ ವ್ಯಾಪಾರಿಯೊಬ್ಬನಿಂದ ಕೊಂಡು ತಂದೆ. ಆ ಕಾರು ಈಗೆಲ್ಲಿ ಎಂದು ಕೇಳುವ ಹಕ್ಕು ನಿಮಗುಂಟು. ಅದು ಗ್ಯಾರೇಜಿನಲ್ಲಿದೆ. ಕೊಂಡ ದಿನದಿಂದ ರಸ್ತೆಯಲ್ಲಿದ್ದುದಕ್ಕಿಂತ ಅಲ್ಲೇ ಹೆಚ್ಚು ದಿನ ಇದೆ.

ಕೊಳ್ಳುವ ದಿನ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. “ಆರು ತಿಂಗಳು ವಾರಂಟಿ ಇದೆ, ಮೇಷ್ಟ್ರೇ, ಕಣ್ಣು ಮುಚ್ಚಿಕೊಂಡು ಓಡಿಸಿ” ಎಂದ ವ್ಯಾಪಾರಿ. ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿದೆ. ಓದದೆ ಸಹಿ ಹಾಕಬೇಡಿ ಎಂದು ಎಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು! ವಾರಂಟಿಯ ಕಾಗದ ನಾಲ್ಕು ಪುಟವಿತ್ತು, ಇರುವೆ ಸಾಲಿನಂಥ ಅಕ್ಷರ. ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟೆ.

ಮೂರನೆಯ ವಾರವೇ ಎಂಜಿನ್ ಕಾದು ಗಾಡಿ ನಿಂತಿತು. ವ್ಯಾಪಾರಿಯ ಗ್ಯಾರೇಜಿನವರು ಥರ್ಮೋಸ್ಟಾಟ್ ಬದಲಿಸಿ 3,200 ರೂಪಾಯಿ ತೆಗೆದುಕೊಂಡರು. ಅದು ವಾರಂಟಿಗೆ ಸೇರುವುದಿಲ್ಲವಂತೆ. ಎರಡನೆಯ ತಿಂಗಳು ಮತ್ತೆ ಕಾಯಿತು. ಈ ಸಲ ವಾಟರ್ ಪಂಪು, 6,500 ರೂಪಾಯಿ. ಅದೂ ಸೇರುವುದಿಲ್ಲವಂತೆ. ನಾಲ್ಕನೆಯ ತಿಂಗಳಲ್ಲಿ ನಡೆದದ್ದನ್ನು ಇಲ್ಲಿರುವ ಕೆಲವರು ಕಣ್ಣಾರೆ ಬಲ್ಲರು. ರಾತ್ರಿ ಪಾಳಿಯಲ್ಲಿ ಅಕ್ಕಿ ಗಿರಣಿಯ ನಮ್ಮ ಹುಡುಗನೊಬ್ಬನ ಕೈ ಬೆಲ್ಟಿಗೆ ಸಿಕ್ಕಿತು. ಅವನನ್ನು ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಟೆ. ಹೆದ್ದಾರಿಯ ನಡುವೆ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತುಹೋಯಿತು. ತರಕಾರಿ ತುಂಬಿದ ಲಗೇಜ್ ಆಟೋದವನೊಬ್ಬ ಚೀಲಗಳನ್ನು ಅಲ್ಲೇ ದಾರಿಬದಿಗೆ ಇಳಿಸಿ ಅವನನ್ನು ಕರೆದೊಯ್ದ. ಎರಡು ಬೆರಳು ಹೋದವು. ತಡವಾದದ್ದರಿಂದ ಹೋದದ್ದಲ್ಲ ಎಂದು ಡಾಕ್ಟರು ಹೇಳಿದರು. ಆದರೂ ಆ ಹುಡುಗ ಎದುರಿಗೆ ಬಂದಾಗ ನನ್ನ ಕಣ್ಣು ಅವನ ಕೈಯ ಮೇಲೇ ಹೋಗುತ್ತದೆ.

ಮಾರನೆಯ ದಿನ ನಮ್ಮ ಊರಿನ ಮೆಕ್ಯಾನಿಕ್ಕಿನಿಂದ ಗಾಡಿ ಬಿಚ್ಚಿಸಿದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಹಾಲು ಬೆರೆತ ಚಹದಂತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿತ್ತು. ರೇಡಿಯೇಟರಿನ ಒಳಗೆ ಯಾರೋ ಹಿಂದೆಯೇ ಸೋರಿಕೆ ಮುಚ್ಚುವ ಪುಡಿ ಸುರಿದಿದ್ದರು. ಅದು ತೂತಿನ ಜೊತೆಗೆ ನೀರಿನ ದಾರಿಯನ್ನೂ ಕಟ್ಟಿತ್ತು. ಎಂದರೆ ರೋಗ ಹಳೆಯದು, ಮುಚ್ಚಿಟ್ಟು ಮಾರಿದ್ದರು. ರಿಪೇರಿಗೆ 31 ಸಾವಿರ ಎಂದ. ವ್ಯಾಪಾರಿಯ ಬಳಿ ಹೋದೆ. ಅವನು ನನ್ನದೇ ಸಹಿಯ ಕಾಗದ ತೆಗೆದು ತೋರಿಸಿದ: ಗ್ಯಾಸ್ಕೆಟ್ ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ, ಎಂಜಿನ್ನಿಗೆ ವಾರಂಟಿ ಉಂಟು, ಆದರೆ ಕಾದು ಕೆಟ್ಟರೆ ಅದು ಮಾಲೀಕನ ಅಲಕ್ಷ್ಯ, ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ಯಾವುದಕ್ಕೂ ಇಲ್ಲ. ಹಾಗಾದರೆ ಆ ಆರು ತಿಂಗಳು ಯಾವುದಕ್ಕೆ? ಎಂದೂ ಕೆಡದ ಭಾಗಗಳಿಗೆ!

ಬಂಧುಗಳೇ, ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದರೆ ಕೂಲಿಯಲ್ಲಿ ಮುರಿದುಕೊಂಡದ್ದನ್ನು ಇಲ್ಲಿನ ಹಿರಿಯ ಗಿರಣಿ ಕೆಲಸಗಾರರು ಬಲ್ಲರು. ಕೆಲಸಗಾರನ ತಪ್ಪಿಗೆ ಕೂಡಲೇ ದಂಡ. ಕೆಟ್ಟ ಸರಕು ಮಾರಿದವನಿಗೆ ಮಾತ್ರ ನಾಲ್ಕು ಪುಟದ ರಕ್ಷಣೆ. ಆದರೆ ಇದನ್ನು ಒಬ್ಬ ವ್ಯಾಪಾರಿಯ ದುಷ್ಟತನವೆಂದು ಬೈದು ಸುಮ್ಮನಾದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಇದರ ಬೇರು ಮಾರುಕಟ್ಟೆಯ ಏರ್ಪಾಟಿನಲ್ಲೇ ಇದೆ.

ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಅಮೆರಿಕದಲ್ಲಿ ಕೆಟ್ಟ ಕಾರನ್ನು ನಿಂಬೆಹಣ್ಣು ಎನ್ನುತ್ತಾರೆ. ನಾವು ಚಕ್ರದ ಕೆಳಗೆ ಇಡುವುದು ಹಣ್ಣು, ಅವರಿಗೆ ಗಾಡಿಯೇ ಹಣ್ಣು! ಅವರ ವಾದ ಸರಳವಾದುದು. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದೋ ಕೆಟ್ಟದ್ದೋ ತಿಳಿಯದವನು ಎರಡರ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಲ್ಲ, ಹಿಂದೆ ಸರಿಯುತ್ತಾನೆ. ಕೆಟ್ಟ ಗಾಡಿಯವನು ಸಂತೋಷದಿಂದ ಮಾರುತ್ತಾನೆ. ಹೀಗೆ ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತ ಹೋಗುತ್ತದೆ. ಈ ವಿಚಾರಕ್ಕೆ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು. ಪೇಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಆ ದೇಶದಲ್ಲೇ ಜನ ಗಲಾಟೆ ಮಾಡಿ ಕಾನೂನು ತಂದರು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲ ನಿಂಬೆಹಣ್ಣಿನ ಕಾನೂನು ಮಾಡಿತು: ಹೊಸ ಕಾರು ಎಷ್ಟು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ ತಯಾರಕ ಬೇರೆ ಕಾರು ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ನ್ಯೂಯಾರ್ಕ್, ಮೆಸಾಚುಸೆಟ್ಸ್ ರಾಜ್ಯಗಳು ವ್ಯಾಪಾರಿಗಳು ಮಾರುವ ಹಳೇ ಕಾರಿಗೂ ರಕ್ಷಣೆ ಕೊಟ್ಟವು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಅದಕ್ಕಾಗಿ ಕೇಳಬೇಕು.

ಹಾಗೆಂದು ನಮ್ಮ ಕೈ ಬರಿದಲ್ಲ. 1930ರ ಸರಕು ಮಾರಾಟದ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಅಂಥ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ವರ್ಣನೆಯ ಮೇಲೆ ಕೊಂಡ ಸರಕು ಮಾರಾಟಕ್ಕೆ ಯೋಗ್ಯವಾಗಿರಬೇಕು. ಆದರೆ ಕೊಳ್ಳುವವನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷದ ಬಗ್ಗೆ ಆಮೇಲೆ ದೂರುವಂತಿಲ್ಲ. ಒಳಗೆ ಮುಚ್ಚಿಟ್ಟ ದೋಷದ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ನೀವು ವಾಸವಿರುವ ಜಿಲ್ಲೆಯಲ್ಲೇ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ವರ್ತಕ ಮಿತ್ರರೇ, ಟ್ಯಾಕ್ಸಿ, ಲಗೇಜ್ ಆಟೋ ಓಡಿಸುವ ಮಿತ್ರರೇ, ಇದನ್ನು ಗಮನಿಸಿ: ವ್ಯಾಪಾರಕ್ಕೆ ಕೊಂಡವನು ಗ್ರಾಹಕನಲ್ಲ ಎನ್ನುತ್ತದೆ ಕಾನೂನು, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವನು ಗ್ರಾಹಕನೇ ಎಂದೂ ಹೇಳುತ್ತದೆ. “ನಿನ್ನದು ಬಾಡಿಗೆ ಗಾಡಿ, ನಿನಗೆ ಹಕ್ಕಿಲ್ಲ” ಎಂದು ಯಾರಾದರೂ ಗದರಿಸಿದರೆ ಹೆದರಬೇಡಿ.

ಇನ್ನೊಂದು ಅಪಾಯವುಂಟು. ಗಾಡಿ ಮಾರಿದ ಮೇಲೆ ಆರ್.ಟಿ.ಒ. ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರ ಹಳೇ ಮಾಲೀಕನ ತಲೆಗೆ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಹೀಗೆಂದೇ ತೀರ್ಪಿತ್ತಿತು. ಆದುದರಿಂದ ಮಾರುವವರು 29 ಮತ್ತು 30ನೆಯ ಫಾರಂ ಸಲ್ಲಿಕೆಯಾಗುವವರೆಗೂ ನೆಮ್ಮದಿಯಿಂದ ಮಲಗಬೇಡಿ.

ನಾನು ಮಾಡಿದ್ದೇನು ಎಂದರೆ, ಮೂರು ರಿಪೇರಿ ಚೀಟಿ, ಮೆಕ್ಯಾನಿಕ್ಕಿನ ಬರಹ, ಬಿಚ್ಚಿದ ಎಂಜಿನ್ನಿನ ಫೋಟೋ ಇವನ್ನೆಲ್ಲ ಕೂಡಿಸಿ ವ್ಯಾಪಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದೆ. ಉತ್ತರವಿಲ್ಲ. 1915 ಎಂಬ ಗ್ರಾಹಕ ಸಹಾಯವಾಣಿಗೆ ದೂರಿದೆ. ಅದೇ ನಾಲ್ಕು ಪುಟದ ಷರತ್ತು ಉತ್ತರವಾಗಿ ಬಂತು. ಈಗ ಜಿಲ್ಲಾ ಆಯೋಗದಲ್ಲಿ ದೂರು ದಾಖಲಾಗಿದೆ. ತೀರ್ಪು ಬಂದಿಲ್ಲ. ಗೆಲ್ಲುತ್ತೇನೆಂದು ಜಂಬ ಕೊಚ್ಚುವುದಿಲ್ಲ. ಆದರೆ ನಿಮ್ಮ 90 ಸಾವಿರಕ್ಕೆ ನಾನು ಹೊಣೆ. ಪರಿಹಾರ ಬಂದರೆ ಮೊದಲ ಪಾಲು ನಿಮ್ಮದು. ಬಾರದಿದ್ದರೆ ತಿಂಗಳಿಗೆ ಎರಡು ಸಾವಿರದಂತೆ ಸಂಘದ ಪೆಟ್ಟಿಗೆಗೆ ತುಂಬುತ್ತೇನೆ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಯಾರು ಬೇಕಾದರೂ ನೋಡಬಹುದು.

ಕೊನೆಗೆ ಒಂದು ಸಲಹೆ. ನಾನು ಮೋಸಹೋದದ್ದು ದಡ್ಡನೆಂದಲ್ಲ, ಒಬ್ಬನೇ ಹೋದೆನೆಂದು. ಅವತ್ತು ನಮ್ಮ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ದಿದ್ದರೆ ಅವನು ರೇಡಿಯೇಟರಿನ ಮುಚ್ಚಳ ತೆಗೆದು ಐದು ನಿಮಿಷದಲ್ಲಿ ಹೇಳುತ್ತಿದ್ದ. ಕೂಲಿಯ ಪ್ರಶ್ನೆಗೆ ನಾವು ಒಬ್ಬೊಬ್ಬರೇ ಮಾಲೀಕನ ಎದುರು ಹೋಗುವುದಿಲ್ಲ. ಕೊಳ್ಳುವಾಗ ಮಾತ್ರ ಏಕೆ ಒಬ್ಬೊಬ್ಬರೇ ಹೋಗಬೇಕು? ಗಾಡಿ ಬಲ್ಲವನೊಬ್ಬ, ಲೆಕ್ಕ ಬಲ್ಲ ವರ್ತಕನೊಬ್ಬ, ಕಾಗದ ಓದಬಲ್ಲವನೊಬ್ಬ, ಈ ಮೂವರು ಪ್ರತಿ ಭಾನುವಾರ ಬೆಳಗ್ಗೆ ಸಂಘದ ಕೋಣೆಯಲ್ಲಿ ಕೂರಲಿ. ಗಾಡಿಯಾಗಲಿ, ಹೊಲಿಗೆ ಯಂತ್ರವಾಗಲಿ, ಹಿಟ್ಟಿನ ಗಿರಣಿಯ ಮೋಟಾರಾಗಲಿ, ಕೊಳ್ಳುವ ಮುಂಚೆ ಕಾಗದ ಅವರ ಮುಂದಿಡಿ. ವಾರಂಟಿ ಎಂದು ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆಸಿ. ಕಾಗದ ಓದುವ ಕೆಲಸಕ್ಕೆ ನಾನು ಕೂರುತ್ತೇನೆ. ಈಗ ಓದಲು ಕಲಿತಿದ್ದೇನೆ.

ಉಳಿದ ಇಬ್ಬರ ಹೆಸರನ್ನು ಈ ಸಭೆ ಮುಗಿಯುವುದರೊಳಗೆ ಕೊಡಿ.